ನಿಮ್ಮ ಯುದ್ಧದೇವಿ ಯಾಕೆ ಕತ್ತಿ ಹಿಡಿದಳು?

ನಮಸ್ಕಾರ,

ರೋಲ್‌ಪ್ಲೇಯಿಂಗ್ ಆಟದ (ಆಟಗಾರರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟದ) ದೇವತೆಗಳ ಪುಸ್ತಕಕ್ಕೆ ನೀವು ಕಳಿಸಿದ ಯುದ್ಧದೇವಿಯ ಅಧ್ಯಾಯವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಕೋಟೆಯ ಮುತ್ತಿಗೆಯ ಭಾಗ ನಿಜವಾಗಿ ಚೆನ್ನಾಗಿದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕವಚ. ಹೊಟ್ಟೆ ಬರಿದು, ಎದೆಯ ತಗಡಿಗೆ ಎರಡು ಉಬ್ಬು. ಅಂಥ ಕವಚ ಕತ್ತಿಯ ಏಟನ್ನು ಪಕ್ಕಕ್ಕೆ ಜಾರಿಸುವ ಬದಲು ನಡುವಿನ ಎದೆಮೂಳೆಯ ಕಡೆಗೇ ತಳ್ಳುತ್ತದೆ. ಇದನ್ನು ತಿದ್ದಲು ಎರಡು ಸಾಲು ಸಾಕು.

ನನಗೆ ಜಾಸ್ತಿ ಬೇಸರವಾದದ್ದು ಅವಳ ಕಥೆಯಲ್ಲಿ. ಗಂಡನನ್ನು ಕೊಂದರು, ಅದಕ್ಕೆ ಅವಳು ಕತ್ತಿ ಹಿಡಿದಳು. ಅವಳ ಅಣ್ಣನೂ ಯುದ್ಧದ ದೇವರೇ ಅಲ್ವಾ? ಅವನಿಗೆ ಇಂಥ ಯಾವ ಕಾರಣವನ್ನೂ ನೀವು ಕೊಟ್ಟಿಲ್ಲ. ಅವನಿಗೆ ಯುದ್ಧ ಒಂದು ವಿದ್ಯೆ. ವ್ಯೂಹ, ಸಂಧಾನ, ಸೈನ್ಯದ ಶಿಸ್ತು ಎಲ್ಲಾ ಅವನ ಪಾಲು. ತಂಗಿಗೆ ಉಳಿದದ್ದು ಸೇಡು, ಕಣ್ಣೀರು, ಜೊತೆಗೆ ಸುಮ್ನೆ ಸೇರಿಸಿದಂತಿರುವ ಪ್ರೇಮ. ಗಂಡಸು ತಾನಾಗಿಯೇ ಹೋರಾಡುತ್ತಾನೆ, ಹೆಂಗಸು ಹೋರಾಡಬೇಕಾದರೆ ಮೊದಲು ಯಾರೋ ಅವಳ ಬದುಕು ಹಾಳು ಮಾಡಿರಬೇಕು ಎಂದು ನಿಮ್ಮ ಅಧ್ಯಾಯ ಹೇಳುತ್ತಿದೆ. ನೀವು ಹಾಗೆ ಅಂದುಕೊಂಡು ಬರೆದಿರಲಾರಿರಿ.

ಹಳೆಯ ಕಥೆಗಳು ಹೆಣ್ಣಿಗೆ ಯಾವಾಗಲೂ ನ್ಯಾಯ ಮಾಡಿವೆ ಎಂದು ನಾನು ಹೇಳುವುದಿಲ್ಲ. ಆದರೂ ನೋಡಿ, ಗ್ರೀಕರ ಯುದ್ಧದೇವಿ ಅಥೀನಾ ತಂದೆಯ ತಲೆಯಿಂದ ಕವಚ ತೊಟ್ಟೇ ಹೊರಬರುತ್ತಾಳೆ. ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿ ಯುದ್ಧದೇವ ಏರಿಸ್‌ನನ್ನೇ ಕಲ್ಲೆಸೆದು ಕೆಡವುತ್ತಾಳೆ. ದೇವೀ ಮಹಾತ್ಮೆಯಲ್ಲಿ ಮಹಿಷಾಸುರ ಅಬ್ಬರಿಸುವಾಗ ದುರ್ಗೆ ಏನನ್ನುತ್ತಾಳೆ ಗೊತ್ತಲ್ಲ? ನಾನು ಮಧು ಕುಡಿದು ಮುಗಿಸುವ ತನಕ ಗರ್ಜಿಸು, ಮೂಢ. ಎಂಥ ನಿರಾಳ! ಅವಳ ಕೋಪಕ್ಕೆ ಸತ್ತ ಗಂಡ ಬೇಕಾಗಲಿಲ್ಲ.

ಇನ್ನು ಆಟದಲ್ಲಿ ಅವಳ ಶಕ್ತಿಯನ್ನು ಅಳೆಯುವ ಅಂಕಗಳು. ಅಣ್ಣನಿಗಿಂತ ಅವಳ ಬಲ ಕಡಿಮೆ ಇಟ್ಟಿದ್ದೀರಿ, ಕಾರಣ ಕೊಟ್ಟಿಲ್ಲ. ಇಂಥದೇ ಆಟವಾದ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 1978ರ ನಿಯಮಪುಸ್ತಕ ಹೆಣ್ಣು ಪಾತ್ರಗಳ ಬಲಕ್ಕೆ ಗಂಡು ಪಾತ್ರಗಳಿಗಿಂತ ಕಡಿಮೆ ಗರಿಷ್ಠ ಮಿತಿ ಹಾಕಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಆ ನಿಯಮ ಹೋಯಿತು. ಮನುಷ್ಯರಿಗೇ ಬೇಡವಾದ ಮಿತಿ ದೇವಿಗೆ ಯಾಕೆ?

ಆಟದಲ್ಲಿ ದೇವಿ ಕಾಣಿಸುವುದು ಅವಳನ್ನು ನಂಬಿದ ಪಾತ್ರಗಳ ಮೂಲಕ. ಅವಳ ಅರ್ಚಕನಾಗಿ ಆಡುವವನಿಗೆ ನಿಮ್ಮ ಅಧ್ಯಾಯದಿಂದ ಸಿಗುವುದು ಅವಳ ಕೂದಲಿನ ಬಣ್ಣ ಮಾತ್ರ. ಅವಳು ಯಾವ ಯುದ್ಧವನ್ನು ಬೇಡ ಎನ್ನುತ್ತಾಳೆ? ಸೋತವರನ್ನು ಏನು ಮಾಡಬೇಕೆನ್ನುತ್ತಾಳೆ? ಮೋಸದಿಂದ ಗೆದ್ದ ಭಕ್ತನ ಮೇಲೆ ಮುನಿಯುತ್ತಾಳಾ? ಇವುಗಳಿಗೆ ಉತ್ತರವಿದ್ದರೆ ಮೇಜಿನ ಸುತ್ತ ಕೂತವರು ನಿರ್ಧಾರ ಮಾಡಬಹುದು, ಜಗಳವಾಡಬಹುದು.

ಉತ್ತರದ ಸುಳಿವನ್ನು ನೀವೇ ಬರೆದಿದ್ದೀರಿ. ಮುತ್ತಿಗೆಯಲ್ಲಿ ಅವಳು ಮೂರು ರಾತ್ರಿ ಗೋಡೆಯ ಹೊರಗೆ ಕೂತು ಕಾವಲುಗಾರರ ಹೆಜ್ಜೆ ಎಣಿಸುತ್ತಾಳೆ. ಆಮೇಲೆ ಒಂದೇ ಬಾಗಿಲು ಮುರಿಯುತ್ತಾಳೆ. ಒಳಗಿನ ಮಕ್ಕಳು ಓಡಿಹೋಗಲು ಇನ್ನೊಂದನ್ನು ಬಿಡುತ್ತಾಳೆ. ಇಡೀ ಅಧ್ಯಾಯದಲ್ಲಿ ಅವಳು ತಾನೇ ಯೋಚಿಸಿ ಮಾಡಿದ ಕೆಲಸ ಅದೊಂದೇ. ಅಲ್ಲಿಂದ ಶುರುಮಾಡಿ ಮತ್ತೆ ಬರೆಯಿರಿ. ಗಂಡನ ಸಾವನ್ನು ತೆಗೆದುಬಿಡಿ. ಬರೆದಾದ ಮೇಲೆ ನನಗೇ ಕಳಿಸಿ, ನಾನೇ ಓದುತ್ತೇನೆ.