ತರಬೇತಿ ಸರ್ಕಾರದ್ದಾದರೆ ನೌಕರಿಯೂ ಸರ್ಕಾರದ್ದಾ? ಹಡಗಿಗೆ ಹೊರಟ ಹುಡುಗನ ಪ್ರಕರಣ

ಇದು ಬಾಗಲಕೋಟೆ ಕಡೆಯ ಒಂದು ಮನೆಯ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹಣದ ಮೊತ್ತ ಮತ್ತು ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ.

ವಯಸ್ಸು 21. ಪಿಯುಸಿ ಮುಗಿದ ಮೇಲೆ ಧಾರವಾಡದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ. ಅದು ಅಪ್ಪನ ಆಸೆ. ಹಬ್ಬಕ್ಕೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಾನೆ ಅಂತ ಅಕ್ಕ ನನ್ನ ಹತ್ತಿರ ಕರೆತಂದಳು. ಅವಳ ಮುಂದೆ ಅವನು ಬಾಯಿ ಬಿಡಲಿಲ್ಲ. "ಅಕ್ಕ ಹೊರಗ ಕುಂತ್ರ ಹೇಳ್ತೀನ್ರಿ ಮೇಡಮ್" ಅಂದ.

ಫೋನಿನಲ್ಲಿ ಒಂದು ಜಾಹೀರಾತು ನೋಡಿದ್ದ. ಬಿಳಿ ಡ್ರೆಸ್ಸು, ಭುಜದ ಮೇಲೆ ಚಿನ್ನದ ಪಟ್ಟಿ. ಹಡಗಿನ ಸಿಬ್ಬಂದಿಗೆ ಸರ್ಕಾರಿ ತರಬೇತಿ, ಮುಗಿದ ಕೂಡಲೇ ಗ್ಯಾರಂಟಿ ನೌಕರಿ ಅಂತ ಬರಹ. ಏಜೆಂಟ್ ಒಟ್ಟು 4 ಲಕ್ಷ ಕೇಳಿದ್ದ. ಹುಡುಗ ಗೆಳೆಯರ ಹತ್ತಿರ ಸಾಲ ಮಾಡಿ 60 ಸಾವಿರ ಫೋನಿನಲ್ಲೇ ಕಳಿಸಿದ್ದ. ಎಸ್ಸೆಸ್ಸೆಲ್ಸಿ, ಪಿಯುಸಿಯ ಒರಿಜಿನಲ್ ಅಂಕಪಟ್ಟಿಗಳನ್ನೂ ಕೊಟ್ಟುಬಿಟ್ಟಿದ್ದ. ಈಗ ದಿನಾ ಫೋನು: ಬಾಕಿ ಹಣ ಕಟ್ಟು, ಇಲ್ಲಾಂದ್ರೆ ಸೀಟು ಹೋಗುತ್ತೆ. "ಅಪ್ಪಗ ಹೆಂಗ ಹೇಳ್ಲಿ ಅಂತ ತಿಳಿವಲ್ದುರಿ."

ಬಾಕಿ ಹಣ ಎಲ್ಲಿಂದ ಬರಬೇಕು? ಆಲಮಟ್ಟಿ ಹಿನ್ನೀರಿಗೆ ಹೊಲ ಹೋದ ಮನೆ ಅದು. ಪರಿಹಾರದ ಹಣ ಅಪ್ಪನ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ನಮ್ಮ ಕಡೆ ಇಂಥ ಮನೆಗಳು ಎಷ್ಟೋ. ಆ ಹಣ ಬರೀ ಹಣ ಅಲ್ಲ, ಮುಳುಗಿದ ಹೊಲದಲ್ಲಿ ಉಳಿದದ್ದು ಅಷ್ಟೇ. ಮನೆಯಲ್ಲಿ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹುಡುಗನ ನಿದ್ದೆ ಕೆಡಿಸಿದ್ದು 60 ಸಾವಿರಕ್ಕಿಂತ ಜಾಸ್ತಿ ಈ ಮೌನ ಅಂತ ನನಗೆ ಅನಿಸಿತು.

ಅವನಿಗೆ ಹಡಗು ಬೇಕಾಗಿದೆಯೋ, ಧಾರವಾಡದ ರೂಮಿನಿಂದ ತಪ್ಪಿಸಿಕೊಳ್ಳಬೇಕಾಗಿದೆಯೋ? ಅದು ಮೊದಲು ಗೊತ್ತಾಗಬೇಕಿತ್ತು. ಹಡಗಿನಲ್ಲಿ ಒಂದು ದಿನ ಹೇಗಿರುತ್ತೆ ಹೇಳು ಅಂದೆ. ಡ್ರೆಸ್ಸು ಮತ್ತು ಸಂಬಳ ಬಿಟ್ಟು ಏನೂ ಹೇಳಲು ಬರಲಿಲ್ಲ. ಆಗ ನಾನೇ ಹೇಳಿದೆ. ಹತ್ತನೇ ತರಗತಿ ಮೇಲೆ ಸಿಗುವುದು ಜಿಪಿ ರೇಟಿಂಗ್ ಎಂಬ ಆರು ತಿಂಗಳ ತರಬೇತಿ. ಅಲ್ಲೇ ಉಳಿದು ಕಲಿಯಬೇಕು. ಮುಗಿಸಿದವನು ಅಧಿಕಾರಿ ಆಗುವುದಿಲ್ಲ. ತುಕ್ಕು ಕೆರೆಯಬೇಕು, ಬಣ್ಣ ಬಳಿಯಬೇಕು, ಹಗ್ಗ ಎಳೆಯಬೇಕು, ಎಂಜಿನ್ ರೂಮಿನ ಬಿಸಿಯಲ್ಲಿ ಎಣ್ಣೆ ಒರೆಸಬೇಕು, ನಡುರಾತ್ರಿ ಎದ್ದು ಕಾವಲು ನಿಲ್ಲಬೇಕು. ಹಡಗಿನವರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ನಿಯಮ ಮಾಡಬೇಕಾಗಿ ಬಂತು ಅಂದರೆ ಕೆಲಸ ಎಷ್ಟಿರುತ್ತೆ ಅಂತ ನೀನೇ ಲೆಕ್ಕ ಹಾಕು ಅಂದೆ. ಒಂದು ಸಲ ಹತ್ತಿದರೆ ತಿಂಗಳುಗಟ್ಟಲೆ ಮನೆ ಕಾಣುವುದಿಲ್ಲ. ಅವ್ವನಿಗೆ ಹುಷಾರಿಲ್ಲ ಅಂದರೂ ಕೂಡಲೇ ಇಳಿದು ಬರಲು ಆಗುವುದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೆಲಸಕ್ಕ ಹೆದರೂದಿಲ್ರಿ. ಓದಿದ್ದು ತಲಿಗಿ ಹತ್ತವಲ್ದು, ಅದಕ್ಕ ಹೆದರ್ತೀನಿ" ಅಂದ. ಆಸೆ ನಿಜವಾದದ್ದು ಅಂತ ಆಗ ನಂಬಿದೆ.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಹಣದ ವಿಷಯ ಹುಡುಗನೇ ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ ಅಂತ ಮೊದಲೇ ಒಪ್ಪಂದ ಆಗಿತ್ತು. ಹೇಳಿದ. ಅಪ್ಪ ಬೈಯಲಿಲ್ಲ. ಅವರು ಕೇಳಿದ್ದು ಬೇರೆ: "ಸರ್ಕಾರದವ್ರು ಟ್ರೇನಿಂಗ್ ಕೊಡ್ತಾರಂದ್ರ ನೌಕರೀನೂ ಸರ್ಕಾರದ್ದ ಅಲ್ಲೇನ್ರಿ?"

ಈ ಪ್ರಶ್ನೆ ಸಹಜ. ಬೆಳಗಾವಿಯ ಮರಾಠಾ ರೆಜಿಮೆಂಟ್, ವಿಜಯಪುರದ ಸೈನಿಕ ಶಾಲೆ ನೋಡಿದವರಿಗೆ ಡ್ರೆಸ್ ಅಂದರೆ ಸೈನ್ಯ. ಕಾರವಾರದ ನೌಕಾನೆಲೆ ರಕ್ಷಣಾ ಇಲಾಖೆಯದು. ಹುಡುಗ ಹೊರಟ ಮರ್ಚೆಂಟ್ ನೇವಿ ಹಾಗಲ್ಲ, ಅದು ಸರಕು ಸಾಗಿಸುವ ಹಡಗುಗಳ ಉದ್ಯೋಗ. ಮುಂಬೈಯ ಡಿಜಿ ಶಿಪ್ಪಿಂಗ್ ಎಂಬ ಕೇಂದ್ರ ಸರ್ಕಾರದ ಕಚೇರಿ ತರಬೇತಿ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ, ಪಠ್ಯ ಗೊತ್ತು ಮಾಡುತ್ತದೆ. ಅದರ ಸುಪರ್ದಿಯಲ್ಲೇ ನಾವಿಕರಿಗೆ ಸಿಡಿಸಿ ಎಂಬ ಗುರುತಿನ ಪುಸ್ತಕ ಸಿಗುತ್ತದೆ. ಸೇರಲೇಬೇಕು ಅಂತ ಯಾರಿಗೂ ಒತ್ತಾಯ ಇಲ್ಲ. ಕೆಲಸ ಕೊಡುವುದು ಹಡಗು ಕಂಪನಿ, ಅದೂ ಕೆಲವು ತಿಂಗಳ ಒಪ್ಪಂದದ ಮೇಲೆ.

ಮೊದಲಿನಿಂದಲೂ ಇದು ಹೀಗೇ. 1927ರಲ್ಲಿ ಮುಂಬೈ ಬಂದರಿನಲ್ಲಿ ಸರ್ಕಾರ ಡಫರಿನ್ ಎಂಬ ತರಬೇತಿ ಹಡಗು ಶುರು ಮಾಡಿತು. ಅಲ್ಲಿ ಕಲಿತ ಹುಡುಗರಲ್ಲಿ ಹೆಚ್ಚಿನವರು ಹೋದದ್ದು ಕಂಪನಿ ಹಡಗುಗಳಿಗೆ. ಅಮೆರಿಕ ಸರ್ಕಾರವೂ 1938ರಲ್ಲಿ ಸರಕು ಹಡಗಿನವರಿಗಾಗಿ ತರಬೇತಿ ವ್ಯವಸ್ಥೆ ಕಟ್ಟಿತು. ಜನ ತಾವಾಗಿಯೇ ಬಂದು ಸೇರಿದರು, ಸಮವಸ್ತ್ರವೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸರಕು ಹಡಗಿನವರು ಸಾವಿರಾರು ಜನ ಸತ್ತರು. ಆದರೂ ಬದುಕಿ ಬಂದವರಿಗೆ ಮಾಜಿ ಸೈನಿಕರ ಸ್ಥಾನ ಸಿಕ್ಕಿದ್ದು 1988ರಲ್ಲಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ವಿಷಯ ಪೂರ್ತಿ ಹಿಡಿಯಿತು. "ಅಂದ್ರ ಡ್ರೆಸ್ ನೋಡಿ ಪೆನ್ಶನ್ ಐತಿ ಅನ್ಕೋಬಾರದು" ಅಂದರು.

ಆ ದಿನ ಕೊಟ್ಟ ಸಲಹೆ ಇದು. ಏಜೆಂಟನಿಗೆ ಇನ್ನು ಒಂದು ರೂಪಾಯಿಯೂ ಕೊಡಬೇಡಿ. ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ಹಣ ತೆಗೆದುಕೊಳ್ಳುವುದು ನಿಯಮಕ್ಕೆ ವಿರುದ್ಧ. 2015ರಲ್ಲಿ ಭಾರತ ಒಪ್ಪಿಕೊಂಡ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಇದೇ ಇದೆ. ಕೋರ್ಸಿನ ಶುಲ್ಕ ಬೇರೆ, ಅದನ್ನು ಸಂಸ್ಥೆಯ ಖಾತೆಗೆ ಕಟ್ಟಿ ರಸೀದಿ ಪಡೆಯಬೇಕು. ಫೋನ್ ಸಂದೇಶ, ಹಣ ಕಳಿಸಿದ ದಾಖಲೆ ಯಾವುದನ್ನೂ ಅಳಿಸಬೇಡಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಠಾಣೆಯಲ್ಲೂ ದೂರು ಕೊಡಿ. ಅಂಕಪಟ್ಟಿ ವಾಪಸ್ ಬರದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕಿ. ಮಾನ್ಯತೆ ಇರುವ ತರಬೇತಿ ಸಂಸ್ಥೆಗಳ ಪಟ್ಟಿ, ಲೈಸೆನ್ಸ್ ಇರುವ ನೇಮಕಾತಿ ಕಂಪನಿಗಳ ಪಟ್ಟಿ ಎರಡೂ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಲ್ಲಿ ಹೆಸರಿಲ್ಲದವರ ಜೊತೆ ಮಾತೇ ಬೇಡ. ಸಂಸ್ಥೆಗೆ ಹೋದರೆ, ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನರಿಗೆ ಹಡಗು ಸಿಕ್ಕಿತು ಅಂತ ಕೇಳಿ. ಕೋರ್ಸ್ ಮುಗಿಸಿ ಮನೆಯಲ್ಲೇ ಕೂತ ಹುಡುಗರೂ ಇದ್ದಾರೆ.

ಎಲ್ಲಕ್ಕಿಂತ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ ಅಂದೆ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಆ ಬಣ್ಣಗಳ ಗುರುತು ಸಿಗದವನಿಗೆ ಡೆಕ್ ಕೆಲಸ ಸಿಗುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ಇದು ಗೊತ್ತಾಗುವುದು ಬೇಡ ಅಲ್ವಾ?

ಪರಿಹಾರದ ಹಣದ ಬಗ್ಗೆ ನಾನು ತೀರ್ಪು ಕೊಡಲಿಲ್ಲ. ಅಕ್ಕನನ್ನೂ ಕೂರಿಸಿಕೊಂಡು ಮನೆಯವರೇ ಮಾತಾಡಲಿ ಅಂದೆ. ಆ ಹೊಲದಲ್ಲಿ ಅವಳೂ ದುಡಿದವಳು.

ಗೆಳೆಯರ ಸಾಲವನ್ನು ಅಪ್ಪ ತೀರಿಸಿದರು. ಏಜೆಂಟನಿಂದ ಅಂಕಪಟ್ಟಿಗಳು ಬಂದವು, ಹಣ ಬಂದಿಲ್ಲ, ದೂರು ಠಾಣೆಯಲ್ಲಿದೆ. ಕಣ್ಣಿನ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಈ ಕೋರ್ಸಿಗೆ 25 ವರ್ಷದವರೆಗೆ ಅವಕಾಶ ಇರುವುದರಿಂದ ಅವಸರ ಬೇಡ ಅಂತ ಮೂವರೂ ಸೇರಿ ತೀರ್ಮಾನಿಸಿದ್ದಾರೆ. ಹುಡುಗ ಸದ್ಯ ಬಾಗಲಕೋಟೆಯಲ್ಲೇ ಒಂದು ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದ್ದಾನೆ. ಶುಲ್ಕದಲ್ಲಿ ಸ್ವಲ್ಪವನ್ನಾದರೂ ತಾನೇ ದುಡಿದು ಹಾಕುತ್ತೇನೆ ಅಂತ ಅಪ್ಪನಿಗೆ ಹೇಳಿದ್ದಾನೆ.