ಇಳಿಯುವಾಗ ಮೂತಿಯ ಚಕ್ರ ಮುರಿಯುವುದೇಕೆ?

ತರಬೇತಿಯ ಪುಟ್ಟ ವಿಮಾನ ಸೆಸ್ನಾ 172 ಇಳಿಯುವಾಗ ಮೂರು ಸಲ ಪುಟಿದು ಮೂತಿಯ ಚಕ್ರ ಮುರಿದುಕೊಂಡರೆ ಆ ಚಕ್ರವೇ ದುರ್ಬಲ ಎನ್ನಬೇಕಲ್ಲವೇ, ವೇಗ ಬರೀ ಹತ್ತು ನಾಟ್ (ಗಂಟೆಗೆ ಹದಿನೆಂಟೂವರೆ ಕಿ.ಮೀ.) ಹೆಚ್ಚಿದ್ದದ್ದು ಅಂಥ ದೊಡ್ಡ ತಪ್ಪೇ ಎಂದು ಕೇಳಿದ್ದೀರಿ.

ದೊಡ್ಡ ತಪ್ಪೇ. ಫ್ಲ್ಯಾಪ್ (ಕಡಿಮೆ ವೇಗದಲ್ಲೂ ಎತ್ತುವ ಬಲ ಕೊಡುವ, ರೆಕ್ಕೆಯ ಹಿಂಬದಿಯ ಪಟ್ಟಿ) ಪೂರ್ತಿ ಇಳಿಸಿದ 172ಕ್ಕೆ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುತ್ತ ಬರುವ ಕೊನೆಯ ಹಂತದಲ್ಲಿ, ಸುಮಾರು 65 ನಾಟ್ ಸಾಕು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 75ರಲ್ಲಿ ಅದು ಮೂರನೇ ಒಂದು ಪಾಲು ಜಾಸ್ತಿ. ಅದು ಕರಗುವವರೆಗೆ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ರನ್‌ವೇ ಮುಗಿಯುತ್ತಿರುವುದು ಕಂಡು ಹೊಸ ಪೈಲಟ್ ಮೂತಿಯನ್ನು ಏರಿಸಿ ಇಳಿಸುವ ಹಿಡಿಯಾದ ಯೋಕನ್ನು ಮುಂದಕ್ಕೆ ಒತ್ತುತ್ತಾರೆ. ಇಳಿಯುವ ಹೊಡೆತ ತಾಳಬೇಕಾದ ಹಿಂದಿನ ಎರಡು ಚಕ್ರಗಳಿಗಿಂತ ಮೊದಲು ಮೂತಿಯ ಚಕ್ರ ನೆಲಕ್ಕೆ ಬಡಿಯುತ್ತದೆ. ಮೂತಿ ಮೇಲೆದ್ದು ವಿಮಾನ ಮತ್ತೆ ಗಾಳಿಗೇರುತ್ತದೆ. ಪೈಲಟ್ ಮತ್ತೆ ಒತ್ತುತ್ತಾರೆ. ಕೈ ವಿಮಾನಕ್ಕಿಂತ ಅರೆಕ್ಷಣ ಹಿಂದೆ ಬೀಳುವುದರಿಂದ ಪ್ರತಿ ಪೆಟ್ಟೂ ಹಿಂದಿನದಕ್ಕಿಂತ ಜೋರು. ಕೊನೆಗೆ ಚಕ್ರದ ಕಾಲು ಮುರಿದು, ಪ್ರೊಪೆಲರ್ ನೆಲ ಕೆರೆದು, ಎಂಜಿನ್ನಿಗೂ ಕಾಕ್‌ಪಿಟ್‌ಗೂ ನಡುವಿನ ಲೋಹದ ಗೋಡೆಯಾದ ಫೈರ್‌ವಾಲ್ ಸುಕ್ಕಾಗುತ್ತದೆ. ಪ್ರೊಪೆಲರ್ ತಾಗಿದ ಮೇಲೆ ಎಂಜಿನ್ ಬಿಚ್ಚಿಯೇ ಪರೀಕ್ಷಿಸಬೇಕು.

ಆದ್ದರಿಂದ ಕಾರಣ ಹುಡುಕಲು ಫೈನಲ್‌ಗೆ ಹೋಗಬೇಕು. 3 ಡಿಗ್ರಿ ಇಳಿಜಾರಿನಲ್ಲಿ 300 ಅಡಿ ಎತ್ತರವೆಂದರೆ ನೆಲ ಮುಟ್ಟುವ ಜಾಗಕ್ಕೆ ಇನ್ನೂ ಒಂದೂಮುಕ್ಕಾಲು ಕಿ.ಮೀ.; ಗಾಳಿಯಿಲ್ಲದಿದ್ದರೆ ಐವತ್ತು ಸೆಕೆಂಡಿನ ದಾರಿ. ಅಲ್ಲಿಗೆ ವಿಮಾನ ನಡುಗೆರೆಯಲ್ಲಿರಬೇಕು, ಫ್ಲ್ಯಾಪ್ ಇಳಿದಿರಬೇಕು, ವೇಗ 65ರಿಂದ ಐದು ನಾಟ್ ಒಳಗೆ, ಇಳಿತ ನಿಮಿಷಕ್ಕೆ 340 ಅಡಿಯ ಆಸುಪಾಸು. ಇಳಿಜಾರು ಸರಿಯೇ ಎಂದು ತೋರಿಸುವ, ರನ್‌ವೇ ಪಕ್ಕದ ಪಾಪಿ (PAPI) ದೀಪಗಳಿದ್ದರೆ ಎರಡು ಬಿಳಿ, ಎರಡು ಕೆಂಪು ಕಾಣಬೇಕು. ದೀಪವಿಲ್ಲದ ಕಡೆ ಮುಂದಿನ ಗಾಜಿನಲ್ಲಿ ಗುರಿಯ ಜಾಗ ಕದಲದೆ ನಿಲ್ಲಬೇಕು: ಮೇಲೆ ಸರಿದರೆ ರನ್‌ವೇಗೆ ಮೊದಲೇ ಇಳಿಯುತ್ತೀರಿ, ಕೆಳಗೆ ಸರಿದರೆ ದಾಟಿ ಹೋಗುತ್ತೀರಿ. ಇವುಗಳಲ್ಲಿ ಒಂದು ತಪ್ಪಿದ್ದರೂ ಇಳಿಯುವ ಯೋಚನೆ ಬಿಡಬೇಕು. ಆಮೇಲೆ ಸರಿಹೋದೀತು ಎಂಬ ಆಸೆಯೇ ಅತ್ಯಂತ ಅಪಾಯಕಾರಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡದ್ದು ದೊಡ್ಡ ಜೆಟ್, ಆದರೆ ತನಿಖೆ ಕಂಡದ್ದು ಇದೇ ತಪ್ಪನ್ನು: ಸಹಪೈಲಟ್ ಮೂರು ಸಲ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಎಂದರೂ ಅಸ್ಥಿರ ಅಪ್ರೋಚ್ (ರನ್‌ವೇ ಕಡೆಗಿನ ಇಳಿತ) ಮುಂದುವರಿದಿತ್ತು.

172ರಲ್ಲಿ ಗೋ-ಅರೌಂಡ್ ಹೀಗೆ: ಥ್ರಾಟಲ್ (ಎಂಜಿನ್ ಶಕ್ತಿ) ಪೂರ್ತಿ, ಮೂತಿ ಎಡಕ್ಕೆ ತಿರುಗದಂತೆ ಬಲಗಾಲಿನಿಂದ ರಡ್ಡರ್, ಫ್ಲ್ಯಾಪ್ ಕೂಡಲೇ 20 ಡಿಗ್ರಿಗೆ, 60 ನಾಟ್‌ನಲ್ಲಿ ಏರಿಕೆ. ಇಳಿಯಲೆಂದು ಇಟ್ಟ ಟ್ರಿಮ್ (ಕೈ ಒತ್ತದೆಯೂ ಮೂತಿಯನ್ನು ಒಂದು ಮಟ್ಟದಲ್ಲಿ ಹಿಡಿಯುವ ಹೊಂದಾಣಿಕೆ) ಮೂತಿಯನ್ನು ಬಲವಾಗಿ ಮೇಲೆತ್ತುತ್ತದೆ, ಯೋಕನ್ನು ಒತ್ತಿ ಹಿಡಿಯಬೇಕು. ಉಳಿದ ಫ್ಲ್ಯಾಪನ್ನು ಎತ್ತರ ಸಿಕ್ಕ ಮೇಲೆ ಹಂತಹಂತವಾಗಿ ಎತ್ತಿ. ಒಂದೇ ಸಲ ಎತ್ತಿದರೆ ವಿಮಾನ ಕುಸಿಯುತ್ತದೆ. ಮೊದಲ ಪುಟಿತ ಜೋರಾಗಿದ್ದರೂ ಮಾಡಬೇಕಾದ್ದು ಇದನ್ನೇ.

— ಸಂ.