ಮೊಬೈಲ್ ಇರುವಾಗ ರೀಲು ಕ್ಯಾಮೆರಾ ಯಾಕೆ?

ನೀವು ಕೇಳಿದ್ದು ಎರಡು: ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಫೋಟೊ ಬರುವಾಗ ಹಳೆ ಕ್ಯಾಮೆರಾಕ್ಕೆ ಫಿಲಂ ರೀಲು ಹಾಕುವವರಿಗೆ ಏನು ಸಿಗುತ್ತದೆ, ಮತ್ತು ಮಾವನ ಅಟ್ಟದಲ್ಲಿ ಸಿಕ್ಕ ಪೆಂಟಾಕ್ಸ್ ಕೆ1000 ಕ್ಯಾಮೆರಾ ಈಗಲೂ ನಡೆದೀತೇ.

ಎರಡನೆಯದು ಮೊದಲು. ನಡೆಯುತ್ತದೆ. 1976ರಿಂದ 1997ರವರೆಗೆ ಬಂದ ಮಾದರಿ ಅದು, ಶಟರ್ (ರೀಲಿಗೆ ಬೆಳಕು ಬಿಡುವ ಪರದೆ) ಪೂರ್ತಿ ಯಾಂತ್ರಿಕ. ಬಟನ್ ಸೆಲ್ ಬೇಕಾಗುವುದು ಬೆಳಕು ಅಳೆಯುವ ಮುಳ್ಳಿಗಷ್ಟೇ. ಆಷಾಢದಲ್ಲಿ ನಾಲ್ಕು ದಿನ ಕರೆಂಟ್ ಹೋದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಕ್ಯಾಮೆರಾ ಹಾಳಾಗುವುದು ಹೆಚ್ಚಾಗಿ ಬೂಷ್ಟಿನಿಂದ. ಲೆನ್ಸ್ ಬಿಚ್ಚಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಟಾರ್ಚ್ ಹಾಯಿಸಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದೇ. ಹಿಂಬಾಗಿಲಿನ ಸ್ಪಂಜು ಕರಗಿ ಅಂಟಾಗಿದ್ದರೆ ಬೆಳಕು ನುಸುಳಿ ರೀಲು ಕೆಡುತ್ತದೆ, ಬದಲಾಯಿಸಿ. ಚರ್ಮದ ಚೀಲದಲ್ಲಂತೂ ಇಡಬೇಡಿ, ಅದು ತೇವ ಹಿಡಿಯುತ್ತದೆ. ನಾನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡುತ್ತೇನೆ. ಉಪ್ಪಿನಕಾಯಿ ಜಾಡಿಗಿಂತ ಅದಕ್ಕೇ ಮಡಿ ಹೆಚ್ಚು ಅಂತ ಮನೆಯಲ್ಲಿ ತಮಾಷೆ.

ಕಪ್ಪು-ಬಿಳುಪು ರೀಲನ್ನು ನಾನೇ ತೊಳೆಯುತ್ತೇನೆ. ಡೆವಲಪರ್ (ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣ) 20 ಡಿಗ್ರಿ ಆಸುಪಾಸು ಇದ್ದರಾಯಿತು. ಕಲರ್‌ಗೆ ಕಟ್ಟುನಿಟ್ಟಾಗಿ 38 ಡಿಗ್ರಿ ಬೇಕು, ಬಚ್ಚಲೊಲೆಯ ಹಂಡೆ ನಂಬಿ ಮಾಡುವ ಕೆಲಸವಲ್ಲ. ಬೆಂಗಳೂರಿಗೆ ಕೊರಿಯರ್ ಮಾಡುತ್ತೇನೆ. ಖರ್ಚು ದುಬಾರಿಯೇ.

ಇನ್ನು ಏನು ಸಿಗುತ್ತದೆ ಅನ್ನುವುದು. ಗುಣಮಟ್ಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಡಿಕೆ ತೋಟದೊಳಗೆ ಮೊಬೈಲ್ ನನ್ನ ಕ್ಯಾಮೆರಾವನ್ನು ಸುಲಭವಾಗಿ ಸೋಲಿಸುತ್ತದೆ. 400 ಐಎಸ್‌ಒ ರೀಲಿಗೆ (ಐಎಸ್‌ಒ ಅಂದರೆ ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಗದ್ದೆಬಯಲಿನ ಬಿಸಿಲಲ್ಲಿ ಅಪರ್ಚರ್ ಎಫ್/16, ಶಟರ್ 1/500 ಸೆಕೆಂಡ್ ಸಾಕು. ತೋಟ ಹೊಕ್ಕರೆ ಎಫ್/4ಕ್ಕೆ ಇಳಿಯಬೇಕು (ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು), ಮರಗಳ ನಡುವಿನ ಬಿಸಿಲ ಕೋಲು ಮುಳ್ಳನ್ನೇ ಯಾಮಾರಿಸುತ್ತದೆ. (ಅನುಮಾನ ಬಂದರೆ ಬೆಳಕು ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಹೆಚ್ಚೇ ಕೊಡಿ, ನೆಗೆಟಿವ್ ತಾಳಿಕೊಳ್ಳುತ್ತದೆ. ಕಡಿಮೆಯಾದರೆ ತಾಳುವುದಿಲ್ಲ.)

ನನಗೆ ಸಿಕ್ಕಿದ್ದು, ಅಳಿಸಲಾಗದ ಫೋಟೊಗಳು. ಒಮ್ಮೆ ಹೊಸನಗರದ ಹತ್ತಿರ ಅಜ್ಜನ ಮನೆಯಲ್ಲಿ, ಕೊನೆ ಕೊಯ್ಲಿನ ಹೊತ್ತಲ್ಲಿ, ತಮ್ಮನನ್ನು ನಿಲ್ಲಿಸಿ ಕ್ಲಿಕ್ ಮಾಡಿದೆ. ಕಣ್ಣು ಮುಚ್ಚಿಬಿಟ್ಟ. ಮೊಬೈಲಾಗಿದ್ದರೆ ಅಲ್ಲೇ ಅಳಿಸಿ ಇನ್ನೊಂದು ತೆಗೆಯುತ್ತಿದ್ದೆ. 36 ಫೋಟೊ ಮುಗಿಯದೆ ರೀಲು ತೊಳೆಯುವಂತಿರಲಿಲ್ಲ, ಮಳೆ ಹಿಡಿದ ಮೇಲೆ ತೊಳೆದೆ. ತಮ್ಮನ ಹಿಂದೆ, ಚೂರು ಮಸುಕಾಗಿ, ಮೆಟ್ಟುಗತ್ತಿ ಮುಂದೆ ಕೂತ ಅತ್ತೆ. ಬಾಯಲ್ಲಿ ಕವಳ, ಕೈಯಲ್ಲಿ ಅರ್ಧ ಸುಲಿದ ಅಡಿಕೆ, ಯಾರಿಗೋ ನಗುತ್ತಿದ್ದಾರೆ. ಕ್ಯಾಮೆರಾ ಕಂಡರೆ "ಎಂತಕ್ಕೋ ಮಾಣಿ" ಅಂತ ಸೆರಗು ಎಳೆದುಕೊಳ್ಳುತ್ತಿದ್ದವರು ಅವರು. ವರ್ಷಗಳ ನಂತರ ಕಟ್ಟು ಹಾಕಿಸಲು ಒಂದು ಫೋಟೊ ಬೇಕೆಂದು ಮನೆಯವರೆಲ್ಲ ತಡಕಾಡಿದಾಗ ಸಿಕ್ಕಿದ್ದು ಅದೊಂದೇ.

ದೊಡ್ಡದು ಮಾಡಿಸಿದೆವು. ಗೋಡೆ ಮೇಲಿನ ಪ್ರತಿಯಲ್ಲಿ ತಮ್ಮನದು ಒಂದು ಕಿವಿ ಮಾತ್ರ ಉಳಿದಿದೆ.